ಮೂರು ಜನಕ್ಕೆ ಸಿಕ್ಕ ಅಕ್ಕ

ನನ್ನ ಅಕ್ಕನನ್ನು ಹುಡುಕಿಕೊಟ್ಟವರು ಮೂರು ಜನ. ಅಕ್ಕ ಇರುವುದು ಒಬ್ಬಳೇ. ಬಹುಮಾನವೂ ಒಂದೇ. ತಕರಾರಿಗೆ ಇನ್ನೇನು ಬೇಕು ಹೇಳಿ?

ಕಳೆದ ಭಾನುವಾರ ಹಾವೇರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಆ ಮೂವರೂ ಕೂತಿದ್ದರು. ರಾಣೆಬೆನ್ನೂರಿನ ಆಟೋ ಡ್ರೈವರ್ ಮೌಲಾಸಾಬ. ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಗುಮಾಸ್ತ ಚನ್ನಬಸಪ್ಪ. ಅದೇ ಅಂಗಡಿಗೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಕೂಲಿಗೆ ಬರುವ ಫಕ್ಕೀರವ್ವ. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ನಾನು ಚಹಾ ಕೊಟ್ಟೆ. ಕುಡಿದರು. ಜಗಳ ಶುರು ಮಾಡಿದರು.

ಮೊದಲು ಆಗಿದ್ದೇನು ಅಂತ ಹೇಳಿಬಿಡುತ್ತೇನೆ.

ಅಕ್ಕನಿಗೆ ಎಪ್ಪತ್ತೊಂದು. ಕನ್ನಡ ಶಾಲೆಯ ಟೀಚರ್ ಆಗಿ ರಿಟೈರ್ ಆದವಳು. ಮೂರು ವರ್ಷದಿಂದ ನನ್ನ ಜೊತೆಗಿದ್ದಾಳೆ, ಮರೆವು ಅವಳ ಜೊತೆಗಿದೆ. ಆ ಸೋಮವಾರ ಡಾಕ್ಟರಿಗೆ ತೋರಿಸಿಕೊಂಡು ಬರುವಾಗ ಅವಳನ್ನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಕೂರಿಸಿ ನೀರಿನ ಬಾಟಲಿ ತರಲು ಹೋದೆ. ನಡುವೆ ಒಂದು ಫೋನ್ ಬಂತು. (ಯಾರದು ಅಂತೀರಿ? ಕ್ರೆಡಿಟ್ ಕಾರ್ಡ್ ಬೇಕಾ ಅಂತ ಕೇಳುವವರದು! ಬೇಡ ಅಂದು ಇಡುವುದು ಬಿಟ್ಟು ಅವರ ಜೊತೆ ವಾದಕ್ಕೆ ನಿಂತೆ ನಾನು, ಮಹಾತಾಯಿ.) ತಿರುಗಿ ಬಂದರೆ ಬೆಂಚಿನ ಮೇಲೆ ಅವಳ ಚೀಲ ಮಾತ್ರ ಇತ್ತು.

ಪೊಲೀಸರಿಗೆ ದೂರು ಕೊಟ್ಟೆ. ಅವಳ ಫೋಟೋ ಹಾಕಿ 'ಸುಳಿವು ಕೊಟ್ಟವರಿಗೆ ಬಹುಮಾನ' ಅಂತ ಊರಿನ ವಾಟ್ಸಪ್ ಗ್ರೂಪುಗಳಿಗೆಲ್ಲ ಹಂಚಿದೆ. ಎಷ್ಟು ಅಂತ ಬರೆಯುವುದು? ಐವತ್ತು ಸಾವಿರ ಅಂದೆ. "ಐವತ್ತಂದ್ರ ಬರೇ ಕಳ್ಳರ ಬರ್ತಾರ, ಇಪ್ಪತ್ತೈದು ಸಾಕು" ಅಂದರು ಯಜಮಾನರು. ಹೂಂ ಅಂದೆ. ಅಕ್ಕನ ಮುಖದ ಕೆಳಗೆ ರೇಟು ಬರೆಯುವಾಗ ಏನೂ ಅನ್ನಿಸಲಿಲ್ಲವೇ? ಆಗ ಅನ್ನಿಸಲಿಲ್ಲ.

ಎರಡು ನೂರಕ್ಕೂ ಹೆಚ್ಚು ಮೆಸೇಜು ಬಂದವು. ಕೈಮುಗಿದ ಚಿತ್ರಗಳು ಕೆಲವು. 'ನಿಮ್ಮವರು ಹುಬ್ಬಳ್ಳಿಯಲ್ಲಿದ್ದಾರೆ, ಮೊದಲು ಪೆಟ್ರೋಲಿಗೆ ದುಡ್ಡು ಹಾಕಿ' ಎಂಬುವು ಕೆಲವು. ಎರಡನೇ ದಿನ ನೋಡುವುದನ್ನೇ ಬಿಟ್ಟೆ. ಬುಧವಾರ ಮಧ್ಯಾಹ್ನ ಚನ್ನಬಸಪ್ಪನ ಫೋನ್ ಬಂತು. ಬ್ಯಾಡಗಿಗೆ ಓಡಿದೆ.

ಸೀಸನ್ನಿನಲ್ಲಿ ಆ ಮಾರುಕಟ್ಟೆ ನೋಡಿದ್ದೀರಾ? ಕಣ್ಣು ಹಾಯುವವರೆಗೂ ಕೆಂಪು. ನೆಲ ಕೆಂಪು, ಗಾಳಿ ಕೆಂಪು, ಬಿಸಿಲು ಕೂಡ ಕೆಂಪಾಗಿಯೇ ಬೀಳುತ್ತದೆ. ರಾಶಿಗಳ ನಡುವೆ ಹೋಗುತ್ತಿದ್ದರೆ ನಿದ್ದೆಯಲ್ಲಿ ನಡೆದಂತೆ ಇರುತ್ತದೆ. ಸೀನು ಬಂದಾಗ ಮಾತ್ರ ಎಚ್ಚರ. ಘಾಟಿಗೆ ಅಂಜಿ ಹೆಂಗಸರೆಲ್ಲ ಮುಖಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾರೆ, ಕಾಣುವುದು ಬರೀ ಕಣ್ಣು. ನಾನು ಮುಖದ ಫೋಟೋ ಹಿಡಿದು ಊರೂರು ಹುಡುಕಿಸುತ್ತಿದ್ದೆ. ಅಕ್ಕ ಯಾರ ಮುಖವೂ ಕಾಣದ ಜಾಗಕ್ಕೆ ಹೋಗಿ ಕೂತಿದ್ದಳು.

"ಅಕ್ಕಾ" ಅಂತ ಕೂಗಿದೆ. ಇಪ್ಪತ್ತು ಹೆಂಗಸರು ತಿರುಗಿ ನೋಡಿದರು. ಒಬ್ಬಳು ಮಾತ್ರ ತಿರುಗದೆ ತೊಟ್ಟು ಬಿಡಿಸುತ್ತಲೇ ಇದ್ದಳು. ಅವಳೇ ನನ್ನ ಅಕ್ಕ.

ತಬ್ಬಿಕೊಂಡು ಅತ್ತೆ. ಅತ್ತು ಮುಗಿದ ಮೇಲೆ ಕಣ್ಣಿಗೆ ಬಿದ್ದದ್ದು ಅವಳ ಬಲಗೈ. ಕೈಗೊಂದರಂತೆ ಬಂಗಾರದ ಪಾಟ್ಲಿ ಬಳೆ ಹಾಕುತ್ತಿದ್ದಳು. ಎಡಗೈಯದು ಇತ್ತು, ಬಲಗೈಯದು ಇರಲಿಲ್ಲ. ಎರಡು ರಾತ್ರಿ ಅವಳನ್ನು ಮನೆಯಲ್ಲಿಟ್ಟುಕೊಂಡವಳು ಈಕೆ ಅಂತ ಫಕ್ಕೀರವ್ವನನ್ನು ತೋರಿಸಿದರು. ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಟ್ಟೆ. ಬಾಯಿಬಿಟ್ಟು ಕೇಳಲಿಲ್ಲ, ಅಷ್ಟೇ.

ಈಗ ಭಾನುವಾರದ ಪಡಸಾಲೆಗೆ ಬನ್ನಿ.

"ಸೋಮವಾರ ಸಂಜಿಕ ಹೊಡದ ಫೋಟೋ, ಗ್ರೂಪಿನ್ಯಾಗ ನಿಮ್ಮ ಮೆಸೇಜ್ ನೋಡಿ ಮಂಗಳವಾರ ಮುಂಜಾನೇನ ಕಳಿಸೇನ್ರಿ ಮೇಡಂ. ನೀವು ನೋಡಲಿಲ್ಲ ಅಂದ್ರ ನನ್ನ ತಪ್ಪೇನ್ರಿ?" ಅಂದ ಮೌಲಾಸಾಬ. ನನ್ನ ಫೋನ್ ತೆಗೆದು ನೋಡಿದೆ. ಖರೇ. ಆ ಎರಡು ನೂರು ಮೆಸೇಜುಗಳ ನಡುವೆ ಅಕ್ಕ ಇದ್ದಳು, ರಾಣೆಬೆನ್ನೂರು ರೈಲ್ವೆ ಸ್ಟೇಷನ್ನಿನ ಮುಂದೆ, ಆಟೋಗೆ ಒರಗಿ ಎತ್ತಲೋ ನೋಡುತ್ತ.

"ಫೋಟೋ ಹೊಡದು ಆಮ್ಯಾಲೆ ಬ್ಯಾಡಗಿ ಬಸ್ ಹತ್ತಿಸ್ಯಾನ್ರಿ ಇಂವ! ಇವಂಗ ದಂಡ ಹಾಕಬೇಕು" ಅಂದ ಚನ್ನಬಸಪ್ಪ. "ಫೋನ್ ಮಾಡಿದಾಂವ ನಾನು. ಸುಳಿವು ಅಂದ್ರ ಅದು."

"ಫೋನ್ ಮಾಡಿದ್ರಿ, ಇಲ್ಲ ಅನ್ನಂಗಿಲ್ಲ. ಎರಡು ದಿನ ಉಣ್ಣಾಕ ಹಾಕಿದಾಕಿ ಯಾರ್ರಿ? ನಿಮ್ಮ ಫೋನ್ ರೊಟ್ಟಿ ಬಡೀತೈತೇನ್ರಿ?" ಅಂದಳು ಫಕ್ಕೀರವ್ವ.

ಪೊಲೀಸರನ್ನು ಮೊದಲೇ ಕೇಳಿದ್ದೆ. "ಬಹುಮಾನ ಹಚ್ಚಿದವರು ನೀವು, ನೀವ ಬಗೆಹರಿಸ್ಕೊಳ್ರಿ" ಅಂದು ಕೈ ತೊಳೆದುಕೊಂಡಿದ್ದರು. ನೀವಾಗಿದ್ದರೆ ಯಾರಿಗೆ ಕೊಡುತ್ತಿದ್ದಿರಿ? ಮೊದಲು ಕಂಡವನಿಗಾ, ತಿಳಿಸಿದವನಿಗಾ, ಅನ್ನ ಹಾಕಿದವಳಿಗಾ?

ನನಗಂತೂ ತೀರ್ಪಿನ ಅವಸರವೇ ಇರಲಿಲ್ಲ. ಆ ಮೂರು ದಿನ ಅಕ್ಕ ಏನು ತಿಂದಳು, ಹೆದರಿದಳಾ, ತಂಗಿ ನನ್ನನ್ನು ಬಿಟ್ಟು ಹೋದಳು ಅಂದುಕೊಂಡಳಾ? ಅವಳನ್ನು ಕೇಳಿದರೆ ನಗುತ್ತಾಳೆ. ಅದನ್ನೇ ಯೋಚಿಸಿ ಯೋಚಿಸಿ ನನಗೆ ಅನ್ನ ಸೇರುತ್ತಿರಲಿಲ್ಲ. ಈಗ ಇವರ ಜಗಳದಲ್ಲಿ ಆ ದಿನಗಳು ಒಂದೊಂದೇ ತುಂಡಾಗಿ ನನ್ನ ಮುಂದೆ ಬೀಳುತ್ತಿದ್ದವು. ಎದ್ದು ಹೋಗಿ ಮತ್ತೊಮ್ಮೆ ಚಹಾಕ್ಕಿಟ್ಟೆ. ಜಗಳ ಆರಬಾರದು ನೋಡಿ.

"ಬಸ್ ಯಾಕ ಹತ್ತಿಸಿದ್ರಿ?" ಅಂತ ಅಡುಗೆಮನೆಯಿಂದಲೇ ಮೌಲಾಸಾಬನನ್ನು ಕೇಳಿದೆ.

"ನಾ ಏನ್ ಮಾಡ್ಲಿರಿ? ಸಾಲಿ ಟೀಚರ್ ಹಂಗ ದಬಾಯಿಸಿದ್ರು. ನನ್ನ ತಂಗಿ ಕಳದಾಳ, ಬ್ಯಾಡಗಿ ಪ್ಯಾಟ್ಯಾಗ ಅದಾಳ, ಲಗೂ ಬಸ್ ಹತ್ತಸಪಾ ಅಂದ್ರು. ಅದಕ್ಕೂ ಮೊದಲ ಸ್ಟೇಷನ್ ಸುತ್ತ ಮೂರು ಸಲ ತಿರುಗಿಸೇನ್ರಿ. ಎರಡು ಜಡಿ ಹಾಕ್ಕೊಂಡ ಸಣ್ಣ ಹುಡುಗಿ ಕಂಡಳೇನು ಅಂತ ಚಹಾದಂಗಡ್ಯಾಗೆಲ್ಲಾ ಕೇಳಿದ್ವಿ. ತಂಗಿ ಬಂದ್ರ ತೋರಸಾಕ ಇರಲಿ ಅಂತ ಇವರ ಫೋಟೋ ಹೊಡಕೊಂಡೆ. ಈ ವಯಸ್ಸಿನವರಿಗೆ ಅಷ್ಟು ಸಣ್ಣ ತಂಗಿ ಎಲ್ಲಿಂದ ಬರಬೇಕು ಅಂತ ಬಸ್ ಹೋದ ಮ್ಯಾಲೆ ಹೊಳೀತ್ರಿ."

ಚಹಾ ಸೋಸುವುದನ್ನು ಬಿಟ್ಟು ಪಡಸಾಲೆಗೆ ಬಂದೆ.

ಐದು ವರ್ಷದವಳಿದ್ದಾಗ ನಾನು ಬ್ಯಾಡಗಿ ಪೇಟೆಯಲ್ಲಿ ಕಳೆದುಹೋಗಿದ್ದೆನಂತೆ. ಅಪ್ಪ ಮೆಣಸಿನಕಾಯಿ ಮಾರಲು ಹೋದಾಗ ನಮ್ಮಿಬ್ಬರನ್ನೂ ಕರೆದುಕೊಂಡು ಹೋಗಿದ್ದರು. ಹದಿನಾರರ ಅಕ್ಕ ರಾಶಿ ರಾಶಿ ಸುತ್ತಿ ಹುಡುಕಿದಳಂತೆ. ಮನೆಯಲ್ಲಿ ಹೇಳಿದ್ದನ್ನು ಕೇಳಿದ್ದೇನೆ. ನನಗೆ ನೆನಪಿರುವುದು ಬರೀ ಕೆಂಪು, ಆ ಕೆಂಪಿನೊಳಗಿಂದ ನನ್ನ ಕಡೆಗೆ ಬಂದ ಒಂದು ಕೈ.

ಅಂದರೆ ನಾನು ಅವಳನ್ನು ಹುಡುಕುತ್ತಿದ್ದ ಮೂರೂ ದಿನ ಅವಳು ನನ್ನನ್ನು ಹುಡುಕುತ್ತಿದ್ದಳು. ಬೆಂಚಿನಿಂದ ಎದ್ದದ್ದೇ ಅದಕ್ಕೆ, ಯಾವುದೋ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದದ್ದೂ ಅದಕ್ಕೆ. ನೀರು ತರಲು ಹೋದ ತಂಗಿ ಇನ್ನೂ ಬರಲಿಲ್ಲವಲ್ಲ!

ಅಷ್ಟರಲ್ಲಿ ಫಕ್ಕೀರವ್ವ ಸೆರಗಿನ ಗಂಟು ಬಿಚ್ಚಿದಳು. ಒಳಗಿತ್ತು ಪಾಟ್ಲಿ.

"ನಂಗೂ ಅಕ್ಕಾರು ಹಂಗ ಅಂದ್ರು. ತಂಗೀನ ಹುಡುಕಿ ಕೊಟ್ಟವರಿಗೆ ಇದು, ಇಟ್ಕೋ ಅಂತ ಕೈಯಾಗ ತುರುಕಿದ್ರು. ಬ್ಯಾಡ ಅಂದ್ರ ಕೇಳವಲ್ರು. ಎರಡು ದಿನ ಎಲ್ಲಾ ಅಂಗಡಿ ತಿರುಗಿದೆ, ಎಲ್ಲೀ ತಂಗಿ? ಹುಡುಕದ ಹೆಂಗ ಇಟ್ಕೊಳ್ಳಲಿ? ಆವತ್ತ ಕೊಡಬೇಕು ಅಂದ್ರ, ಮಂದಿ ಮುಂದ ತಗದ್ರ ಕಳವು ಮಾಡ್ಯಾಳ ಅಂತಾರ ಅಂತ ಅಂಜಿದೆ. ತಗೋರಿ." ಹೇಳಿ ಮುಗಿಸಿ ಉಸಿರು ಕೂಡ ಎಳೆದುಕೊಳ್ಳದೆ, "ಇಪ್ಪತ್ತೈದು ಸಾವಿರದಾಗ ನನ್ನ ಪಾಲು ಮಾತ್ರ ಬಿಡಂಗಿಲ್ರಿ!" ಅಂದಳು.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಒಂದೂವರೆ ತೊಲೆಯ ಪಾಟ್ಲಿ ಅದು. ಇವತ್ತಿನ ಬಂಗಾರದ ರೇಟು ನಿಮಗೇ ಗೊತ್ತು. ಬುದ್ಧಿ ನೆಟ್ಟಗಿರುವ ನಾನು ಅಕ್ಕನಿಗೆ ಬಹುಮಾನ ಕಟ್ಟುವಾಗ ಚೌಕಾಸಿ ಮಾಡಿದ್ದೆ. ಎಲ್ಲ ಮರೆತ ಅವಳು ನನಗಾಗಿ ಕೈಯಲ್ಲಿದ್ದದ್ದನ್ನೇ ಬಿಚ್ಚಿ ಕೊಟ್ಟಿದ್ದಳು.

ಬಹುಮಾನವನ್ನು ಐವತ್ತು ಮಾಡಿದೆ. ಒಳಗಿನಿಂದ ಯಜಮಾನರು ಕೆಮ್ಮಿದರು. ನನಗೆ ಕೇಳಿಸಲಿಲ್ಲ. ಹೇಗೆ ಹಂಚಿದೆ ಅಂತ ಮಾತ್ರ ಕೇಳಬೇಡಿ. ಉಳಿದಿಬ್ಬರಿಗೇ ಹೆಚ್ಚಾಯಿತು ಅಂತ ಮೂವರೂ ಮುಖ ಊದಿಸಿಕೊಂಡೇ ಗೇಟು ದಾಟಿದರು.

ಸಂಜೆ ಪಾಟ್ಲಿ ಹಿಡಿದುಕೊಂಡು ಅಕ್ಕನ ಪಕ್ಕ ಕೂತೆ.

"ನನ್ನ ತಂಗಿ ಸಿಕ್ಕಳೇನ್ರಿ?" ಅಂತ ನನ್ನನ್ನೇ ಕೇಳಿದಳು.

"ಸಿಕ್ಕಾಳ."

"ಅತ್ತಳೇನು?"

"ಭಾಳ ಅತ್ತಳು."

"ಯಾರು ಹುಡುಕಿದ್ರು?"

"ನೀನ ಹುಡುಕಿದಿ ಅಕ್ಕಾ."

ಬಲಗೈ ಮುಂದೆ ಚಾಚಿದಳು. "ಹಂಗಾದ್ರ ಪಾಟ್ಲಿ ನನಗ ಬರಬೇಕು. ತೊಡಸ್ರಿ."

ತೊಡಿಸಿದೆ. ಈ ಒಂದು ಬಹುಮಾನಕ್ಕೆ ಮಾತ್ರ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ.