ಬೆರಳು ಮಡಿಸಿ ಕಲಿತ ಫ್ರೆಂಚು

ಮಾತಾಡುವಾಗ ಕೈಯನ್ನು ಸುಮ್ಮನಿಟ್ಟುಕೊಳ್ಳಬಲ್ಲ ಮನುಷ್ಯನನ್ನು ನಾನು ಈ ಕಂಬಂ ಕಣಿವೆಯಲ್ಲಿ ಇದುವರೆಗೆ ಕಂಡಿಲ್ಲ. ನೀವು ಅಂಥವರಾಗಿದ್ದರೆ ನನ್ನ ಮಾತು ಕೇಳಿ ವ್ಯಾಪಾರಕ್ಕೆ ಇಳಿಯಿರಿ, ಬೇಗ ಉದ್ಧಾರವಾಗುತ್ತೀರಿ. ನನಗೆ ಆ ಭಾಗ್ಯವಿಲ್ಲ. ಸಾಲದ್ದಕ್ಕೆ ಫ್ರೆಂಚ್ ಬೇರೆ ಕಲಿತೆ.

ಪುದುಚೇರಿಯ ಪರಂಗಿ ದೊರೆಯೊಬ್ಬ ಏಲಕ್ಕಿ ಕೊಳ್ಳಲು ಬೋಡಿನಾಯಕನೂರಿಗೆ ಬರುತ್ತಾನೆಂದು ಸುದ್ದಿ ಹಬ್ಬಿದಾಗ, ಅವನನ್ನು ಅವನ ಭಾಷೆಯಲ್ಲೇ ಕರಗಿಸಿಬಿಡುವ ಮಹತ್ವಾಕಾಂಕ್ಷೆ ನನ್ನಲ್ಲಿ ಮೊಳೆಯಿತು. ದಿಂಡಿಗಲ್ಲಿನಲ್ಲಿ ಆ ಭಾಷೆ ಬಲ್ಲ ಮುದಿ ಮೇಷ್ಟ್ರೊಬ್ಬರಿದ್ದರು. ಅದರ ಕ್ರಿಯಾಪದಗಳೋ, ಬಾಲ ಬೆಳೆಯುತ್ತಲೇ ಹೋಗುವ ಜಾತಿ. ಅವನ್ನು ತುಂಡರಿಸಿ, ತುಂಡಿಗೊಂದು ಬೆರಳು ಮಡಿಸುತ್ತ ನುಡಿಯಬೇಕೆಂಬುದು ಗುರುಗಳ ವಿಧಿ. ‘ನೀವು ಕೊಳ್ಳುವಿರಿ’ ಎಂಬುದಕ್ಕೆ ವೂ-ಜಾ-ಶೆ-ತ-ರೇ: ಒಂದು ಮುಷ್ಟಿ ಪೂರ್ತಿ. ಅವಸರವಿದ್ದರೆ ನಡುವಿನ ಸ್ವರ ನುಂಗಿ ವೂ-ಜಾ-ಶೆತ್-ರೇ ಎನ್ನಬಹುದು. ಒಂದು ಬೆರಳು ಉಳಿತಾಯ.

ದೊರೆ ಬಂದ. ನನ್ನ ಮುಂದಿದ್ದದ್ದು ವಿಧವೆಯಾದ ನನ್ನಕ್ಕನ ಇಡೀ ವರ್ಷದ ಬೆಳೆ. ನನ್ನ ಚಾತುರ್ಯವನ್ನು ನಂಬಿ ಒಪ್ಪಿಸಿದ್ದ ಅವಳು ಮೂಟೆಗೊರಗಿ ಕೂತಿದ್ದಳು. ಅಂದು ಮಾರಾಟವಾಗದಿದ್ದರೆ ಏಲಕ್ಕಿಯ ಹಸಿರು ಮಾಸಿ, ಆಮೇಲೆ ಕೇಳುವವರಿರಲಿಲ್ಲ. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಹೆಗಲ ಮೇಲಿನ ವಲ್ಲಿಬಟ್ಟೆಯ ಮರೆಯಲ್ಲಿ ಕೈಗೆ ಕೈ ಕೊಟ್ಟು, ಬೆರಳು ಒತ್ತಿ ತಿಳಿಸಬೇಕು; ಒತ್ತಿದ ಬೆರಳು ಎಷ್ಟೋ ಬೆಲೆ ಅಷ್ಟು. ದೊರೆ ಆ ವಿದ್ಯೆಯನ್ನು ನಾನು ಫ್ರೆಂಚ್ ಕಲಿತಷ್ಟೇ ಶ್ರದ್ಧೆಯಿಂದ ಕಲಿತು ಬಂದಿದ್ದ.

ವಲ್ಲಿಯಡಿ ಕೈ ಕೂಡಿಸಿ ‘ವೂಜಾಶೆತ್‌ರೇ’ ಎಂದೆ. ಬಾಯಿ ನುಡಿದಂತೆಲ್ಲ ಬೆರಳುಗಳು ಗುರುಭಕ್ತಿಯಿಂದ ಅವನ ಅಂಗೈಯನ್ನು ಒತ್ತಿದವು. ಬೆಲೆ ಹಿಡಿಸಿ ಅವನು ತಲೆದೂಗಿದ. ತಲೆದೂಗಿದ್ದು ನನ್ನ ಉಚ್ಚಾರಣೆಗೆಂದು ಉಬ್ಬಿದ ನಾನು ಇನ್ನಷ್ಟು ಶಿಷ್ಟವಾಗಿ, ಸ್ವರ ನುಂಗದೆ, ಮತ್ತೊಮ್ಮೆ ನುಡಿದೆ. ಬೆಲೆ ಒಂದು ಬೆರಳು ಏರಿತು! ಅವನು ಹುಬ್ಬು ಗಂಟಿಕ್ಕಿದ. ಅರ್ಥವಾಗಲಿಲ್ಲವೇನೋ ಎಂಬ ಕನಿಕರದಿಂದ ಮತ್ತೂ ನಿಧಾನವಾಗಿ, ಒತ್ತಿ ಒತ್ತಿ ಹೇಳಿದೆ. ಅವನು ಕೈ ಕೊಡವಿ ಎದ್ದು ಪಕ್ಕದ ಮೂಟೆಗಳ ಕಡೆ ತಿರುಗಿದ.

ಅಲ್ಲಿಯವರೆಗೆ ನನ್ನ ಮುಖವನ್ನು ನೋಡದೆ ವಲ್ಲಿಯ ಕುಣಿತವನ್ನೇ ನೋಡುತ್ತಿದ್ದ ಅಕ್ಕ ಎದ್ದು ಅವನಿಗೆ ಅಡ್ಡ ನಿಂತಳು. ಕೈಸನ್ನೆಯಲ್ಲೇ ಮತ್ತೆ ಕೂರಿಸಿದಳು. ಹೆಂಗಸರು ವಲ್ಲಿಯಡಿ ಕೈ ಕೊಡುವಂತಿಲ್ಲ. ಅವಳು ಕೊಡಲೂ ಇಲ್ಲ. ನನ್ನ ಕೈಯನ್ನು ಅವನ ಕೈಗಿಟ್ಟು, ವಲ್ಲಿಯ ಮೇಲಿಂದಲೇ ನನ್ನ ಮಣಿಕಟ್ಟನ್ನು ಇಕ್ಕಳದಂತೆ ಹಿಡಿದಳು.

“ತಂಬಿ, ಬಾಯಿ ನೀ ಆಡ್ಸು. ಬೆರಳ ನಾ ಆಡಿಸ್ತೀನಿ.”

ನಾನು ಪೂರ್ಣಸ್ವರದಲ್ಲಿ ಕ್ರಿಯಾಪದ ಪಠಿಸುತ್ತಿದ್ದಂತೆ, ಅವಳು ಹಿಡಿತ ಸಡಿಲಿಸಿ ತನಗೆ ಬೇಕಾದಷ್ಟೇ ಬೆರಳು ಒತ್ತಿಸಿ, ಮಿಕ್ಕವು ಆಡದಂತೆ ಅದುಮಿ ಹಿಡಿದಳು. ವ್ಯಾಪಾರ ಕುದುರಿತು. ಏಳುವಾಗ ದೊರೆ ನನ್ನ ಫ್ರೆಂಚನ್ನು ಬಹುವಾಗಿ ಹೊಗಳಿದ. ನಾನು ಮಣಿಕಟ್ಟು ನೀವಿಕೊಳ್ಳುತ್ತ ವಿನಯದಿಂದ ತಲೆಬಾಗಿದೆ.