ಎಮೆಟ್‌ನ ಖಾಲಿ ಮೊಳೆ

ಎಮೆಟ್ ಹೋಬಾರ್ಟ್‌ನ ಮನೆಯ ಮುಂದಿನ ಕೋಣೆಯಲ್ಲಿ ನೂರ ಹನ್ನೆರಡು ಪದಕಗಳು ಗೋಡೆಗೆ ಮುಖ ಮಾಡಿ ತೂಗುತ್ತವೆ. ನೋಡಲು ಬಂದವರಿಗೆ ಕಾಣುವುದು ಅವುಗಳ ಬೆನ್ನು. ಸೈನ್ಯದಲ್ಲಿ ಒಂದೂ ಶಿಕ್ಷೆಯಿಲ್ಲದೆ ವರ್ಷಗಟ್ಟಲೆ ದುಡಿದವರಿಗೆ ಕೊಡುತ್ತಿದ್ದ ಸನ್ನಡತೆ ಪದಕಗಳು ಅವು. ಮುಂಭಾಗ ಎಲ್ಲದಕ್ಕೂ ಒಂದೇ ಅಚ್ಚು. ಹಿಂದೆ ಮಾತ್ರ ಪಡೆದವನ ಹೆಸರು ಕೊರೆದಿರುತ್ತದೆ. ಎಮೆಟ್‌ಗೆ ಬೇಕಾದದ್ದು ಆ ಹೆಸರು. ಹೆಸರಿಲ್ಲದ ಪದಕವನ್ನು ಬಿಟ್ಟಿ ಕೊಟ್ಟರೂ ಅವನು ಮುಟ್ಟುವವನಲ್ಲ. ಇದ್ದದ್ದನ್ನು ತಿಕ್ಕಿ ಹೊಳಪು ಮಾಡುವವನೂ ಅಲ್ಲ. ತಿಕ್ಕಿದರೆ ಅಕ್ಷರ ಸವೆಯುತ್ತದೆ. ಒಮ್ಮೆ ಅವನ ತಂಗಿ ಒಳ್ಳೆಯ ಮನಸ್ಸಿನಿಂದಲೇ ನಾಲ್ಕನ್ನು ವಿನೆಗರ್ ಹಾಕಿ ತೊಳೆದುಬಿಟ್ಟಳು. ಎರಡು ವರ್ಷ ಅವನು ಅವಳ ಮನೆಯ ಹಬ್ಬದೂಟಕ್ಕೆ ಹೋಗಲಿಲ್ಲ.

ನಡುವಿನ ಸಾಲಿನಲ್ಲಿ ಒಂದು ಮೊಳೆ ಖಾಲಿ ಇತ್ತು. ಅದು ಅವನ ಅಣ್ಣ ಲೈಲ್‌ಗೆ.

ಲೈಲ್ ಮರೀನ್ ಪಡೆಯಲ್ಲಿದ್ದವನು. ಯುದ್ಧದಿಂದ ಬದುಕಿ ಬಂದು, ಇಲ್ಲಿ ಓಹಾಯೋದ ಟೈರ್ ಕಾರ್ಖಾನೆಯಲ್ಲಿ ದುಡಿದು, ಚಿಕ್ಕ ವಯಸ್ಸಿಗೇ ಎದೆನೋವಿನಿಂದ ಸತ್ತ. ಅವನ ಹೆಂಡತಿ ಮರುಮದುವೆಯಾಗಿ ಊರು ಬಿಡುವಾಗ ಹಳೆಯ ಸಾಮಾನನ್ನೆಲ್ಲ ಅಂಗಳದಲ್ಲಿ ಹರವಿ ಮಾರಿದಳು. ಅದರ ಜೊತೆ ಪದಕವೂ ಹೋಯಿತು. ಎಮೆಟ್‌ಗೆ ತಿಳಿದದ್ದು ಒಂದು ವಾರದ ಮೇಲೆ. ಅಂದಿನಿಂದ ಮೂವತ್ತೈದು ವರ್ಷ ಹುಡುಕಿದ. ಬೇರೆಯವರ ಪದಕಗಳೆಲ್ಲ ಸಿಕ್ಕಿದ್ದು ಆ ಹುಡುಕಾಟದಲ್ಲೇ.

ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಅವನ ಮೇಜಿನ ಪಕ್ಕದಲ್ಲೇ ನನ್ನ ಮೇಜು. ನಾನು ಕಾಫಿ, ಹಣ್ಣು ತುಂಬಿ ಬೇಯಿಸಿದ ಪೈ ಮಾರುತ್ತೇನೆ. ಇಪ್ಪತ್ತಾರು ವರ್ಷ ಜನ ಅವನನ್ನು ಗೇಲಿ ಮಾಡಿದ್ದನ್ನು ಕೇಳಿದ್ದೇನೆ. "ಏನ್ ಎಮೆಟ್, ಸಿಕ್ಕಿಬೀಳ್ದೇ ಇದ್ದೋರಿಗೆಲ್ಲಾ ಪದಕನಾ? ಹಂಗಿದ್ರೆ ನಂಗೂ ಒಂದು ಕೊಡಪ್ಪ!" ಅವನು ನಗುತ್ತಿದ್ದ. "ನಿನ್ ಹೆಂಡ್ತೀನ ಕೇಳಿ ಕೊಡ್ತೀನಿ, ತಡಿ" ಅನ್ನುತ್ತಿದ್ದ.

ಹೋದ ಅಕ್ಟೋಬರಿನಲ್ಲಿ ಎದುರು ಸಾಲಿನ ಕೇಗಲ್ ಗಾಜಿನ ಪೆಟ್ಟಿಗೆಯಲ್ಲಿ ಒಂದು ಮರೀನ್ ಪದಕ ಇಟ್ಟ. ಕೆಳಗೊಂದು ಚೀಟಿ: ಆರ್ವಲ್ ಟಿಬ್ಸ್, ದ್ವೀಪದ ಕಾಳಗದಲ್ಲಿ ಮಡಿದವನು, ಒಂಬೈನೂರು ಡಾಲರ್. ಎಮೆಟ್ ಅಭ್ಯಾಸದಂತೆ ಅದನ್ನು ತಿರುಗಿಸಿ ಹೆಸರು ಓದಿದ. ಆಮೇಲೆ ಭೂತಗನ್ನಡಿ ಹಿಡಿದು ಅಂಚನ್ನು ನೋಡತೊಡಗಿದ. ಅಂಚಿನಲ್ಲಿ ಸಣ್ಣ ಅಂಕಿಗಳಿರುತ್ತವೆ, ಪ್ರತಿಯೊಂದಕ್ಕೂ ಬೇರೆ. ಲೈಲ್‌ನ ಪದಕದ ಅಂಕಿಯನ್ನು ಅವರಮ್ಮ ಬೈಬಲ್ಲಿನ ಮೊದಲ ಹಾಳೆಯಲ್ಲಿ ಬರೆದಿಟ್ಟಿದ್ದಳು. ಕೇಳಿ ಕೇಳಿ ನನಗೂ ಬಾಯಿಪಾಠ.

"ಆರು, ಮೂರು, ನಾಲ್ಕು, ಒಂದು, ಎಂಟು," ಅಂದ ಎಮೆಟ್. ಅವನ ಕುತ್ತಿಗೆ ಕೆಂಪಾಗಿತ್ತು. "ಇದು ನಮ್ಮಣ್ಣಂದು. ಹಿಂದೆ ಇದ್ದ ಹೆಸರು ಎಲ್ಲೋ ಕೇಗಲ್?"

"ಕಣ್ಣು ಹೋಯ್ತೇನೋ ಮುದುಕ? ಟಿಬ್ಸ್ ಅಂತ ಬರ್ದಿದೆ, ಓದು."

"ಅಲ್ಲಿ ತಗ್ಗಾಗಿದೆ. ಅರ ಹಾಕಿ ಉಜ್ಜಿದೀಯ."

"ನಂಗೆ ಬಂದಿದ್ದೇ ಹಂಗೆ. ಕೊಳ್ಳೋದಾದ್ರೆ ಕೊಳ್ಳು, ಇಲ್ಲಾಂದ್ರೆ ಇಟ್ಟು ನಡಿ."

ಆಗ ನಾನು ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಕೆಳಗಿಟ್ಟೆ. ಮೂರು ವಾರದ ಹಿಂದೆ ಇದೇ ಕೇಗಲ್ ನನ್ನ ಮೇಜಿನ ಮುಂದೆ ಸೇಬಿನ ಪೈ ತಿನ್ನುತ್ತಾ ಗೆಳೆಯನಿಗೆ ಹೇಳಿದ್ದ ಮಾತು ನೆನಪಾಯಿತು. ಪೈ ಮಾರುವವಳಿಗೆ ಕಿವಿಯಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಅಂದು ನನಗೆ ಅರ್ಥವಾಗದ ಆ ಮಾತು ಈಗ ಅರ್ಥವಾಯಿತು, ಮೈಯೆಲ್ಲ ಉರಿಯಿತು. ಜನ್ಮದಲ್ಲಿ ಸಂತೆಯ ನಡುವೆ ದನಿ ಎತ್ತಿದವಳಲ್ಲ ನಾನು.

"ಸುಳ್ಳು!" ಎಂದು ಕೂಗಿದೆ. "ಬದುಕಿ ಬಂದೋನ ಹೆಸ್ರಿಗೆ ಮೂವತ್ತು ಡಾಲರ್ ಹುಟ್ಟಲ್ಲ, ಸತ್ತೋನ ಹೆಸರು ಕೊರ್ಸಿದ್ರೆ ಅದರ ಮೂವತ್ತು ಪಟ್ಟು, ಭಾಮೈದ ಒಂದು ಮಧ್ಯಾಹ್ನದಲ್ಲಿ ಮುಗಿಸ್ತಾನೆ ಅಂತ ನನ್ ಮುಂದೇನೇ ಹೇಳಿದ್ದಲ್ಲೋ! ಬಾಯ್ತುಂಬ ನನ್ನ ಪೈ ಇಟ್ಕೊಂಡು ಹೇಳ್ದೆ!"

"ಒಪಲ್, ನೀನ್ ಸುಮ್ನಿರು. ಹೆಂಗಸರ ಕೆಲಸ ಅಲ್ಲ ಇದು."

"ನಿನ್ ಕೈಗೆ ಇನ್ನೊಂದು ಲೋಟ ಕಾಫಿ ಕೊಟ್ರೆ ಕೇಳು!"

ನಮ್ಮ ಸಂತೆಯಲ್ಲಿ ಪೊಲೀಸರನ್ನು ಯಾರೂ ಕರೆಯುವುದಿಲ್ಲ. ಖೋಟಾ ಮಾಲು ಮಾರಿದವನಿಗೆ ಸುತ್ತಲಿನವರು ಮೇಜು ತಿರುಗಿಸಿ ಬೆನ್ನು ಕೊಡುತ್ತಾರೆ. ಮೊದಲು ಗಡಿಯಾರ ಮಾರುವ ಹಡ್ಸನ್ ತಿರುಗಿಸಿದ. ಮೇಜಿನ ಕಾಲುಗಳು ಜಲ್ಲಿಯ ಮೇಲೆ ಕರಕರ ಎಂದವು. ಆಮೇಲೆ ಒಂದೊಂದಾಗಿ ಎಲ್ಲವೂ. ಕೇಗಲ್ ಪದಕವನ್ನು ಎಮೆಟ್‌ನ ಕೈಯಿಂದ ಕಿತ್ತು ಅವನ ಕಾಲ ಬಳಿ ಎಸೆದ.

"ತಗೊಂಡ್ ಸಾಯಿ. ಈಗ ಇದು ಯಾರಿಗೂ ಬೇಡ."

ಎಮೆಟ್ ಬಾಗಿ ಎತ್ತಿಕೊಂಡ. ಗೆದ್ದವನ ಮುಖ ಅದಾಗಿರಲಿಲ್ಲ. ಮೂವತ್ತೈದು ವರ್ಷ ಹುಡುಕಿದ್ದು ಆ ಎರಡು ಸಾಲು ಅಕ್ಷರಕ್ಕೆ. ಅವು ಎಲ್ಲೋ ಪುಡಿಯಾಗಿ ನೆಲಕ್ಕೆ ಉದುರಿದ್ದವು.

ಹಡ್ಸನ್ ಅವನ ಭುಜ ಹಿಡಿದ. "ನಂಗೊಬ್ಬ ಕೆತ್ತೋನು ಗೊತ್ತು ಕಣೋ. ಆ ಟಿಬ್ಸ್‌ನ ಅಳಿಸಿ ಲೈಲ್ ಹೆಸರು ಹಾಕ್ಸೋಣ. ಗೊತ್ತೇ ಆಗಲ್ಲ."

ಎಮೆಟ್ ಅವನ ಕೈ ಕೊಡವಿದ. "ಟಿಬ್ಸ್ ಏನ್ ಮಾಡಿದ್ದ ನಿಂಗೆ? ಅವನೂ ನಿಜವಾಗ್ಲೂ ಸತ್ತೋನು, ಯುದ್ಧದಲ್ಲಿ ಮಡಿದೋರ ಪಟ್ಟೀಲಿ ಓದಿದೀನಿ. ಸತ್ತೋನ ಹೆಸರಿಗೆ ಅರ ಹಾಕಿದ್ರೆ ನಾನ್ಯಾವ ಸೀಮೆ ಮನುಷ್ಯ? ಕೇಗಲ್‌ಗೂ ನಂಗೂ ಏನೋ ವ್ಯತ್ಯಾಸ?"

ಮಾರನೆಯ ವಾರ ನಾನು ಪೈ ಹಿಡಿದು ಅವನ ಮನೆಗೆ ಹೋದೆ. ಆ ಮೊಳೆ ಖಾಲಿ ಇರಲಿಲ್ಲ. ನೂರ ಹದಿಮೂರನೆಯದನ್ನು ಮುಖವನ್ನೂ ತೋರಿಸದೆ, ಬೆನ್ನನ್ನೂ ತೋರಿಸದೆ, ಗೋಡೆಗೆ ಅಡ್ಡವಾಗಿ ತಂತಿ ಬಿಗಿದು ನಿಲ್ಲಿಸಿದ್ದ. ಎದುರಿಗೆ ಕಾಣುವುದು ಅಂಚು ಮಾತ್ರ: ಆರು, ಮೂರು, ನಾಲ್ಕು, ಒಂದು, ಎಂಟು.

"ಇದ್ಯಾಕೆ ಹಿಂಗೆ ಅಂತ ಬಂದೋರೆಲ್ಲ ಕೇಳ್ತಾರೆ, ಎಮೆಟ್," ಅಂದೆ.

"ಕೇಳ್ಲಿ," ಅಂದ ಅವನು, ಪೈಗೆ ಚಾಕು ಹಾಕುತ್ತಾ. "ಮೊದ್ಲು ಲೈಲ್ ಹೆಸರು ಹೇಳ್ತೀನಿ. ಆಮೇಲೆ ಟಿಬ್ಸ್‌ದು. ಆಮೇಲೆ ಕೇಗಲ್‌ದು. ಅವನ ಹೆಸರನ್ನ ಮಾತ್ರ ನಾನು ಸಾಯೋವರ್ಗೂ ಯಾರೂ ಅಳ್ಸೋಕಾಗಲ್ಲ."