ಮೌನ ಶಿಬಿರಕ್ಕೆ ಬಂದ ಅವ್ವ

ಹವಾಮಾನ ಕೆಟ್ಟಿರುವುದರ ಬಗ್ಗೆ ಬರೆಯಲು ಕಲಿಸುವ ಶಿಬಿರ, ಗುಂಡ್ಲುಪೇಟೆ ಕಡೆಯ ಮದ್ದೂರು ಅರಣ್ಯ ವಲಯದ ಅಂಚಿನ ಒಂದು ರೆಸಾರ್ಟಿನಲ್ಲಿ. ಆಯ್ಕೆಯಾಗಿದ್ದೀರಿ ಎಂದು ಫೋನ್ ಬಂದಾಗ ನಾನು ಚಾಮರಾಜನಗರದ ನಮ್ಮ ಶಾಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಮೊದಲು ಹೇಳಿದ್ದು ಅವ್ವನಿಗೆ. ಬೇಗೂರಿನ ಸುತ್ತ ಕಂಡವರ ಹೊಲಗಳಲ್ಲಿ ಚೆಂಡುಹೂ ಕಿತ್ತು ನನ್ನನ್ನು ಓದಿಸಿದವಳು ಅವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಜೀವ ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ಕೊನೆಯ ಸಂಜೆ ಎಲ್ಲರೂ ತಮ್ಮ ಬರಹ ಓದುತ್ತಾರೆ, ಮನೆಯವರೂ ಬರಬಹುದು ಎಂದಿದ್ದರು. ಅವ್ವನಿಗೆ ಓದು ಬಾರದು. ನಾನು ಬರೆದದ್ದನ್ನು ಅವಳು ಒಂದು ದಿನವೂ ಕೇಳಿರಲಿಲ್ಲ. ಈ ಸಲ ಕೇಳಲಿ ಎಂಬುದೊಂದೇ ನನ್ನ ಆಸೆ.

ಉಳಿದವರು ಬೆಂಗಳೂರಿನಿಂದ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಬಂದರು. ನಾನು ಗುಂಡ್ಲುಪೇಟೆಯವರೆಗೆ ಬಸ್ಸು, ಅಲ್ಲಿಂದ ಆಟೋ. ಭೂಮಿ ಬಿಸಿಯಾಗುತ್ತಿರುವ ಬಗ್ಗೆ ಮೊದಲ ಉಪನ್ಯಾಸ ಕೇಳಿದ್ದು ಏಸಿ ಕೋಣೆಯಲ್ಲಿ, ಚಳಿಗೆ ಸೆರಗು ಹೊದ್ದುಕೊಂಡು. ಇರಲಿ ಅಂದುಕೊಂಡೆ.

ಮರುದಿನ ಬೆಳಿಗ್ಗೆ ಶಿಬಿರ ನಡೆಸುತ್ತಿದ್ದವರು ಆನೆ ಕಂದಕದ ಪಕ್ಕ ನಮ್ಮನ್ನು ದೂರ ದೂರ ಕೂರಿಸಿ, ಉಸಿರೂ ಕೇಳಬಾರದು, ಪ್ರಕೃತಿ ತಾನೇ ಮಾತಾಡುತ್ತದೆ ಎಂದರು. ನಮ್ಮ ಕಡೆ ಕಾಡಂಚಿನಲ್ಲಿ ಯಾರೂ ಸದ್ದಿಲ್ಲದೆ ಇರುವುದಿಲ್ಲ. ಜೊತೆಯಿದ್ದರೆ ಜೋರಾಗಿ ಮಾತಾಡುತ್ತೇವೆ, ಒಬ್ಬರೇ ಆದರೆ ಕೆಮ್ಮುತ್ತೇವೆ. ನಾವಿದ್ದೇವೆಂದು ಮೊದಲೇ ತಿಳಿದರೆ ಆನೆ ತನ್ನ ದಾರಿ ಹಿಡಿಯುತ್ತದೆ. ಎದುರಿನ ಲಾಂಟಾನ ಪೊದೆ ಅಲುಗಾಡಿತು. ಕೆಮ್ಮಿದೆ. ಮತ್ತೆ ಅಲುಗಾಡಿತು. ಓಯ್ ಎಂದು ಕೂಗಿಬಿಟ್ಟೆ. ಕಾಡುಕೋಳಿಯೊಂದು ಹಾರಿಹೋಯಿತು, ಅಷ್ಟೆ. ಅವರು ಬರಿಗಾಲಲ್ಲಿ ನಡೆದುಬಂದು, "ಮೇಡಂ, ನೀವು ಮೊದಲು ಪ್ರಕೃತಿಯನ್ನ ನಂಬೋದು ಕಲೀಬೇಕು," ಎಂದರು. ಹಲ್ಲು ಕಚ್ಚಿಕೊಂಡು ತಲೆಯಾಡಿಸಿದೆ.

ಕೊನೆಯ ದಿನ ಮಧ್ಯಾಹ್ನ ಅವರಿಗೆ ಹೊಸ ಯೋಚನೆ ಬಂತು. ಯಾರೂ ಗಟ್ಟಿಯಾಗಿ ಓದುವುದು ಬೇಡ, ಬರಹಗಳನ್ನು ಮರಗಳ ನಡುವೆ ದಾರ ಕಟ್ಟಿ ತೂಗುಹಾಕೋಣ, ಎಲ್ಲರೂ ಮೌನವಾಗಿ ಓದಿಕೊಳ್ಳಲಿ ಎಂದರು. ಅವ್ವನ ವಿಷಯ ಹೇಳಿದೆ. ಅಕ್ಷರ ಬಾರದಿದ್ದರೇನು, ಭಾವ ತಾನಾಗಿ ತಲುಪುತ್ತದೆ ಎಂದರು. ಹಾಗಿದ್ದರೆ ಇಷ್ಟು ದಿನ ನಮ್ಮಿಂದ ಬರೆಸಿದ್ದು ಯಾಕೆ ಎಂದು ಕೇಳಿದೆ. ನಕ್ಕು ಮುಂದೆ ಹೋದರು. ಅಷ್ಟರಲ್ಲಿ ಅವ್ವ ಬಸ್ಸು ಹತ್ತಿಯಾಗಿತ್ತು.

ಮದುವೆಮನೆಗೆ ಉಡುವ ಸೀರೆಯುಟ್ಟು ಬಂದಿದ್ದಳು. ನನ್ನ ಹಾಳೆಯ ಮುಂದೆ ನಿಂತು ಮೇಲಿಂದ ಕೆಳಗೆ ನೋಡಿದಳು.

"ನಂಗೆ ಓದಕ್ಕೆ ಬರಕಿಲ್ಲ ಅಂತ ಗೊತ್ತಿದ್ದೂ ಒಗೆದ ಬಟ್ಟೆ ತರ ನೇತಾಕಿದ್ದೀಯಲ್ಲ ಕಣಮ್ಮಿ. ಓದು."

ಓದಿದೆ. ಹೂ ಕೀಳುವ ಹೊತ್ತಿಗೆ ಸರಿಯಾಗಿ ಹಿಡಿದ ಮಳೆ ಬಿಡದೆ, ಹೂವೆಲ್ಲ ಗಿಡದಲ್ಲೇ ಕೊಳೆತು, ಅದರಿಂದ ಬಣ್ಣ ತೆಗೆಯುವ ಫ್ಯಾಕ್ಟರಿಯ ಲಾರಿ ಖಾಲಿ ವಾಪಸ್ಸು ಹೋದ ವರ್ಷದ ಕಥೆ ಅದು. ಸುತ್ತಲಿನವರು ತಿರುಗಿ ನೋಡಿದರು, ಯಾರೋ ಶ್ ಎಂದರು. ನಿಲ್ಲಿಸಲಿಲ್ಲ. ಅವ್ವ ಬದುವಿನ ಮೇಲೆ ಕೂತು ಮೌನವಾಗಿ ಕಣ್ಣೀರಿಟ್ಟಳು ಎಂಬಲ್ಲಿಗೆ ಬಂದಾಗ ಅವಳೇ ಕೈಯೆತ್ತಿದಳು.

"ನಾ ಯಾವತ್ತು ಅತ್ತೆ?"

ಓದಿದವರ ಮನಸ್ಸಿಗೆ ನಾಟಬೇಕು ಅಂತ ಶಿಬಿರದವರು ಸೇರಿಸಲು ಹೇಳಿದರು ಎಂದೆ.

"ಅಳ್ತಾ ಕೂತ್ಕಂಡ್ರೆ ಕೊಳ್ತೋದ ಹೂವು ಗಿಡುಕ್ಕೆ ವಾಪಸ್ ಅಂಟ್ಕಂಡದಾ? ನಾ ಮಳೆಗೆ ಬಯ್ದೆ ಕಣಮ್ಮಿ. ಬಾಯಿಗೆ ಬಂದಂಗೆ ಬಯ್ದೆ. ಅದ ಬರಿ."

ಶಿಬಿರದವರು ತುಟಿಯ ಮೇಲೆ ಬೆರಳಿಟ್ಟುಕೊಂಡು ನಮ್ಮತ್ತ ಬರುತ್ತಿದ್ದರು. ನಾನು ದಾರದಿಂದ ಹಾಳೆ ಕಿತ್ತುಕೊಂಡೆ, ಚೀಲದಿಂದ ಪೆನ್ನು ತೆಗೆದು ಕಣ್ಣೀರಿನ ಸಾಲು ಹೊಡೆದುಹಾಕಿದೆ. ಏನೇನು ಬಯ್ದೆ ಹೇಳು ಎಂದೆ. ಅವ್ವ ನಾಚಿಕೊಳ್ಳುವವಳಲ್ಲ, ಹೇಳಿದಳು. ಅಷ್ಟನ್ನೂ ಬರೆದುಕೊಂಡು, ತರಗತಿಯ ಕೊನೆಯ ಬೆಂಚಿಗೂ ಕೇಳುವ ದನಿಯಲ್ಲಿ ಮತ್ತೆ ಮೊದಲಿನಿಂದ ಓದತೊಡಗಿದೆ. ಬೈಗುಳ ಬಂದ ಕಡೆ ಅವ್ವನೂ ದನಿ ಕೂಡಿಸಿದಳು.